ಇನ್ನಾಸಪ್ಪನವರು ಬಾಯಿ ಮುಚ್ಚಿದ ತಪಸ್ಸುಕಾಲ

ಬೋಗಾದಿಯ ಸಂತ ಅನ್ನಮ್ಮನವರ ಚರ್ಚಿನಲ್ಲಿ ದೇವರು ಎಲ್ಲರ ಮೊರೆಯನ್ನೂ ಕೇಳುತ್ತಾನೆ ಎಂಬುದು ನಂಬಿಕೆಯ ವಿಷಯ. ಇನ್ನಾಸಪ್ಪನವರ ಮೊರೆಯ ಮಟ್ಟಿಗೆ ನಂಬಿಕೆಯ ಪ್ರಶ್ನೆಯೇ ಇರಲಿಲ್ಲ. ಅದು ಲೇಔಟಿನ ಕೊನೆಯ ಕ್ರಾಸಿನವರೆಗೂ ಕೇಳಿಸುತ್ತಿತ್ತು.

ಕೆಲಸದಲ್ಲಿದ್ದಾಗ ಅವರು ಸಬರ್ಬನ್ ಬಸ್ ಸ್ಟ್ಯಾಂಡಿನ ಗಾಜಿನ ಗೂಡಿನಲ್ಲಿ ಕೂತು ಬಸ್ಸುಗಳ ಹೆಸರು ಕೂಗುತ್ತಿದ್ದವರು. ‘ಪ್ರಯಾಣಿಕರ ಗಮನಕ್ಕೆ, ಕಡಕೊಳ ಮಾರ್ಗವಾಗಿ ನಂಜನಗೂಡಿಗೆ ಹೋಗುವ ವಾಹನ...’ ಎಂದು ಅವರು ಶುರು ಮಾಡಿದರೆ ನಿದ್ದೆಗಣ್ಣಿನ ಮಗುವೂ ಎದ್ದು ಚೀಲ ಹುಡುಕುತ್ತಿತ್ತು. ನಿವೃತ್ತಿಯಾದ ಮೇಲೆ ಬಸ್ಸುಗಳು ಹೋದವು, ದನಿ ಉಳಿಯಿತು. ಉಳಿದದ್ದನ್ನು ಅವರು ದೇವರಿಗೆ ಅರ್ಪಿಸಿಬಿಟ್ಟರು. ಜಪಸರ ಹೇಳಿಸುವವರು ಅವರೇ, ಶಿಲುಬೆಹಾದಿಯ ಪ್ರಾರ್ಥನೆ ನಡೆಸುವವರು ಅವರೇ, ಪೂಜೆ ಮುಗಿದ ಮೇಲೆ ಯಾರ ಸ್ಕೂಟರು ದಾರಿಗೆ ಅಡ್ಡ ನಿಂತಿದೆಯೆಂದು ಹೇಳುವವರೂ ಅವರೇ. ದೇವರು ಬೇಡ ಅನ್ನಲಿಲ್ಲ. ಅನ್ನಬೇಕೆಂದಿದ್ದ ಜನಕ್ಕೆ ಸಂದು ಸಿಗಲಿಲ್ಲ.

ಅವರ ಇಡೀ ವರ್ಷ ಒಂದು ಮಧ್ಯಾಹ್ನಕ್ಕಾಗಿ ಕಾಯುತ್ತಿತ್ತು. ಶುಭ ಶುಕ್ರವಾರದ ಮಧ್ಯಾಹ್ನ. ಅವತ್ತು ಯೇಸುಸ್ವಾಮಿಯ ಪಾಡಿನ, ಅಂದರೆ ಯಾತನೆ ಮರಣಗಳ, ಕಥೆಯನ್ನು ಮೂವರು ಹಂಚಿಕೊಂಡು ಓದುತ್ತಾರೆ. ಯೇಸುವಿನ ಮಾತು ಗುರುಗಳದ್ದು. ಪಿಲಾತ, ಪೇತ್ರ, ಗುಂಪಿನ ಗದ್ದಲ ಎಲ್ಲ ಇನ್ನೊಬ್ಬರದ್ದು. ಮಿಕ್ಕ ಕಥೆಯಷ್ಟೂ ನಿರೂಪಕನದು, ಆ ನಿರೂಪಕ ಮಾತ್ರ ವರ್ಷಾನುಗಟ್ಟಲೆಯಿಂದ ಇನ್ನಾಸಪ್ಪನವರೇ. ಯೇಸು ಪ್ರಾಣ ಬಿಟ್ಟ ಕಡೆ ಎಲ್ಲರೂ ಮಂಡಿಯೂರಿ ಸ್ವಲ್ಪ ಹೊತ್ತು ಮೌನವಾಗಿರಬೇಕೆಂದು ಪುಸ್ತಕದಲ್ಲೇ ಕೆಂಪಕ್ಷರದಲ್ಲಿದೆ. ಇನ್ನಾಸಪ್ಪನವರ ಪಾಲಿಗೆ ಅದು ಕೋರಿಕೆಯ ನಿಲುಗಡೆ. ಮುದುಕಿಯರ ಮಂಡಿ ನೆಲ ಮುಟ್ಟುವ ಮೊದಲೇ ಗಾಡಿ ಹೊರಟುಬಿಡುತ್ತಿತ್ತು.

ಆಮೇಲೆ ಮನೆಗೆ ನಡೆದು ಬರುವಾಗ ಹೆಂಡತಿ ಲೂರ್ದಮ್ಮನ ಕಡೆ ತಿರುಗಿ, “ಹೆಂಗಿತ್ತೇ?” ಅನ್ನುತ್ತಿದ್ದರು. ಲೂರ್ದಮ್ಮ “ಚೆನ್ನಾಗಿತ್ತು” ಅನ್ನುತ್ತಿದ್ದರು. ಗುರುಗಳು ಹೊಗಳಲಿ, ಬಿಷಪ್ಪರೇ ಬಂದು ಶಾಲು ಹೊದಿಸಲಿ, ಅದೆಲ್ಲ ಮೇಲೋಗರ. ಈ ‘ಚೆನ್ನಾಗಿತ್ತು’ ಎಂಬುದೇ ಅವರಿಗೆ ಊಟ. ಅದೊಂದನ್ನು ಉಂಡು ಅವರು ಮುಂದಿನ ತಪಸ್ಸುಕಾಲದವರೆಗೆ ಬದುಕುತ್ತಿದ್ದರು.

ಇಂಥ ಸಂಸಾರದೊಳಗೆ ಈ ವರ್ಷ ಹೊಸ ಗುರುಗಳು ಬಂದರು. ಫಾದರ್ ಅಮಲ್‌ರಾಜ್ ಅಂತ, ಇನ್ನೂ ಮೂವತ್ತೈದರ ಆಸುಪಾಸು, ಯಾವುದೋ ಆಶ್ರಮದಲ್ಲಿ ಒಂದು ತಿಂಗಳು ಬಾಯಿ ಬಿಡದೆ ಕೂತು ಆಗಷ್ಟೇ ಬಂದಿದ್ದವರು. ಹೀಗೆ ಬಾಯಿ ಬಿಡದೆ ಕೂತು ಬಂದವರಿಗೆ ಅದರ ಬಗ್ಗೆ ಮಾತಾಡದೆ ಇರುವುದು ಬಹಳ ಕಷ್ಟ. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಎಲ್ಲರ ಹಣೆಗೆ ಬೂದಿ ಹಚ್ಚಿ, ಮುಕ್ಕಾಲು ಗಂಟೆ ಮೌನದ ಮಹಿಮೆಯನ್ನು ಪ್ರಸಂಗ ಮಾಡಿದರು.

“ನಾವು ದೇವರ ಹತ್ರ ಬರೀ ಮಾತಾಡ್ತೀವಿ. ಆತನಿಗೆ ಒಂದು ಮಾತಾಡೋಕೆ ಬಿಡ್ತೀವಾ?” ಎಂದು ಕೇಳಿದರು. ಜನ ಯಾರ ಕಡೆ ನೋಡಿದರು ಎಂದು ಬೇರೆ ಹೇಳಬೇಕಾಗಿಲ್ಲ.

“ಈ ತಪಸ್ಸುಕಾಲದ ಪ್ರತಿ ಶುಕ್ರವಾರ ಶಿಲುಬೆಹಾದಿ ಆದ ಮೇಲೆ ಅರ್ಧ ಗಂಟೆ ಮೌನ ಪ್ರಾರ್ಥನೆ. ಮೈಕಿಲ್ಲ, ಹಾಡಿಲ್ಲ, ಜಪಸರ ಕೂಡ ಇಲ್ಲ. ಸುಮ್ಮನೆ ಕೂತು ಕೇಳಿಸಿಕೊಳ್ಳೋದು. ಮನೇಲೂ ದಿನಾ ಸ್ವಲ್ಪ ಹೊತ್ತು ಹಾಗೇ ಕೂರಿ. ಶುಭ ಶುಕ್ರವಾರ ಪಾಡು ಓದೋರನ್ನ ಈ ಸಲ ಹೀಗೆ ಕೂತೋರಲ್ಲೇ ಆರಿಸ್ತೀನಿ. ಕೇಳಿಸಿಕೊಳ್ಳೋಕೆ ಬರದವರಿಗೆ ಓದೋಕೂ ಬರಲ್ಲ.”

ಇನ್ನಾಸಪ್ಪನವರ ಹಣೆಯ ಬೂದಿ ಬೆವರಿಗೆ ಮೂಗಿನ ಮೇಲಿಳಿಯಿತು.

ಮನೆಗೆ ಬಂದವರೇ, “ನಿನ್ನೆ ಮೊನ್ನೆ ಬಂದೋನು ನನಗೆ ಹೇಳಿಕೊಡ್ತಾನಾ? ಬಾಯಿ ಕೊಟ್ಟ ದೇವರು ಮುಚ್ಚಿಕೋ ಅಂತ ಕೊಟ್ಟನಾ?” ಎಂದು ಹಾರಾಡಿದರು. ಲೂರ್ದಮ್ಮ ಅನ್ನ ಬಡಿಸಿ, ಎದುರಿಗೆ ಕೂತು, ಅವರ ಮುಖವನ್ನೇ ನೋಡುತ್ತ ತಲೆಯಾಡಿಸಿದರು. ಆಕೆ ಯಾವತ್ತೂ ಹಾಗೆಯೇ. ಮಾತು ಕಡಿಮೆ, ತಲೆಯಾಡಿಸುವುದು ಜಾಸ್ತಿ. ಕೊಳ್ಳೇಗಾಲಕ್ಕೆ ಕೊಟ್ಟ ಮಗಳು ಸ್ಟೆಲ್ಲಾ ಫೋನು ಮಾಡಿದರೂ “ನೀವೇ ಮಾತಾಡಿ” ಎಂದು ಗಂಡನ ಕೈಗೆ ಕೊಟ್ಟುಬಿಡುವ ಪೈಕಿ. ಇಂಥ ಹೆಂಡತಿ ಸಿಗುವುದು ಪುಣ್ಯ ಎಂದು ಇನ್ನಾಸಪ್ಪನವರು ಎಲ್ಲರ ಮುಂದೆ ಹೇಳುತ್ತಿದ್ದರು, ಆಕೆಯ ಮುಂದೆಯೂ.

ರಾತ್ರಿ ಕಳೆಯುವುದರಲ್ಲಿ ಅವರ ಕೋಪ ಹಟವಾಗಿತ್ತು. ಮೌನ ತಾನೇ? ಅದನ್ನೂ ಗೆದ್ದು ತೋರಿಸಿದರಾಯಿತು.

ಫಾದರ್ ಹೇಳಿಕೊಟ್ಟ ದಾರಿ ಸುಲಭದ್ದು. ಒಂದು ಪವಿತ್ರ ಪದ ಆರಿಸಿಕೊಳ್ಳಬೇಕು. ಕಣ್ಣು ಮುಚ್ಚಿ, ಒಳಗೊಳಗೇ ಆ ಪದದ ಜೊತೆ ಕೂರಬೇಕು. ಬೇರೆ ಯೋಚನೆ ಬಂದರೆ ಬೈಯಬಾರದು, ಓಡಿಸಬಾರದು, ಮೆಲ್ಲಗೆ ಪದಕ್ಕೆ ಮರಳಬೇಕು. ಅಷ್ಟೆ. ಒಂದೇ ವಾರದಲ್ಲಿ ಚರ್ಚಿನ ಗೇಟಿನ ಹತ್ತಿರ ಜನ ಪದಗಳ ಬಗ್ಗೆ ಮಾತಾಡತೊಡಗಿದರು. “ನಿಮ್ದು ಯಾವ ಪದ? ‘ಶಾಂತಿ’ಯಾ? ಅದು ನಮ್ಮೆಜಮಾನ್ರಿಗೆ ಒಗ್ಗಲಿಲ್ಲ ಕಣ್ರೀ, ತೂಕಡಿಕೆ ಬರುತ್ತೆ” ಎಂದು ಒಬ್ಬರು. ಫಿಲೋಮಿನಾ ಟೀಚರು ‘ತ್ಯಾಗ’ ಇಟ್ಟುಕೊಂಡಿದ್ದರು, ಅದನ್ನು ಸೊಸೆ ಅಭ್ಯಾಸ ಮಾಡಬೇಕೆಂಬ ಆಸೆಯಿಂದ. ತಪಸ್ಸಿಗೆಂದು ಸೀರಿಯಲ್ ಬಿಟ್ಟವರು ಅದನ್ನೇ ಮೊಬೈಲಿನಲ್ಲಿ ನೋಡಿ, ಟೀವಿಯಲ್ಲಿ ನೋಡಲಿಲ್ಲವೆಂಬ ಸಮಾಧಾನದಲ್ಲಿ ಮೌನಕ್ಕೆ ಬಂದು ಕೂರುತ್ತಿದ್ದರು. ಗೊರಕೆ ಹೊಡೆದವರನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ಆಳಕ್ಕೆ ಇಳಿದಿರಬಹುದೆಂಬ ಗೌರವ.

ಇನ್ನಾಸಪ್ಪನವರು ‘ಕರುಣೆ’ ಎಂಬ ಪದ ಆರಿಸಿಕೊಂಡರು. ಕಣ್ಣು ಮುಚ್ಚಿ ಒಳಗೆ ‘ಕರುಣೆ’ ಅಂದರೆ, ಹಿಂದಿನಿಂದ ‘ಪ್ರಯಾಣಿಕರ ಗಮನಕ್ಕೆ’ ಎದ್ದು ಬರುತ್ತಿತ್ತು. ‘ಕೃಪೆ’ ಎಂದು ಬದಲಾಯಿಸಿದರು. ಹುಣಸೂರಿನ ಬಸ್ಸು ಬಂದು ನಿಂತಿತು. ಕಣ್ಣು ಬಿಟ್ಟು, ಮಿಕ್ಕವರು ಕಣ್ಣು ಮುಚ್ಚಿದ್ದಾರೋ ಇಲ್ಲವೋ ಎಂದು ಪರಿಶೀಲಿಸಿದರು. ಎರಡನೆಯ ಶುಕ್ರವಾರವಂತೂ ತಡೆಯಲಾರದೆ, ಮೌನದ ನಡುವೆ ಎದ್ದು ನಿಂತು, “ಎಲ್ಲರೂ ಮೌನವಾಗಿರಬೇಕಾಗಿ ವಿನಂತಿ” ಎಂದು ಘೋಷಿಸಿಬಿಟ್ಟರು. ಅಲ್ಲಿಯವರೆಗೂ ಎಲ್ಲರೂ ಮೌನವಾಗಿಯೇ ಇದ್ದರು. ಫಾದರ್ ಕಣ್ಣು ಬಿಡದೆಯೇ ದೊಡ್ಡದಾಗಿ ಉಸಿರು ಬಿಟ್ಟರು.

ಅದೇ ದಿನ ಇನ್ನೊಂದು ಅನಾಹುತವಾಯಿತು. ಪಕ್ಕದ ರಸ್ತೆಯಲ್ಲಿ ಯಾವುದೋ ಮನೆಯ ಗೃಹಪ್ರವೇಶ, ಸರ ಪಟಾಕಿ ಹಚ್ಚಿದರು. ಚರ್ಚಿನೊಳಗೆ ಕೂತಿದ್ದವರೆಲ್ಲ ಬೆಚ್ಚಿ ಎದ್ದರು. ಫಾದರೂ ಹಾರಿಬಿದ್ದರು. ಮುಂದಿನ ಸಾಲಿನಲ್ಲಿ ಲೂರ್ದಮ್ಮ ಒಬ್ಬರೇ ಕಣ್ಣು ಮುಚ್ಚಿ, ಕೈ ಮುಗಿದು, ರೆಪ್ಪೆಯೂ ಅಲುಗದೆ ಕೂತಿದ್ದರು. ಮುಖದಲ್ಲಿ ಒಂದು ನಸುನಗೆ ಬೇರೆ.

ಭಾನುವಾರ ಪ್ರಸಂಗದಲ್ಲಿ ಫಾದರ್ ಗದ್ಗದರಾದರು. “ಆಶ್ರಮದಲ್ಲಿ ಇಪ್ಪತ್ತು ವರ್ಷ ಕೂತವರಲ್ಲೂ ನಾನು ಇಂಥ ಏಕಾಗ್ರತೆ ನೋಡಿಲ್ಲ. ನಮ್ಮ ನಡುವೆಯೇ ಒಬ್ಬ ತಾಯಿ ಇದ್ದಾರೆ. ಲೋಕ ಅವರನ್ನು ಮುಟ್ಟಲ್ಲ.”

ಅಲ್ಲಿಗೆ ಲೂರ್ದಮ್ಮ ಸಂತರಾದರು. ಪೂಜೆ ಮುಗಿದದ್ದೇ ಹೆಂಗಸರು ಸುತ್ತುಗಟ್ಟತೊಡಗಿದರು. ಆಕೆಯ ಕೈ ಹಿಡಿದು ತಮ್ಮ ಕಷ್ಟವನ್ನೆಲ್ಲ ಪಿಸುಗುಟ್ಟುವರು. ಆಕೆ ನಸುನಕ್ಕು, ತಲೆಯಾಡಿಸಿ, “ಎಲ್ಲಾ ಸರಿಹೋಗುತ್ತೆ ಕಣಮ್ಮ” ಅನ್ನುವರು. ಅವರು ಕಣ್ಣೊರೆಸಿಕೊಂಡು ಹಗುರಾಗಿ ಹೋಗುವರು. ಫಿಲೋಮಿನಾ ಟೀಚರಂತೂ ದಿನ ಬಿಟ್ಟು ದಿನ ಬಂದು ಹಗುರಾದರು.

ಇನ್ನಾಸಪ್ಪನವರು ಗೇಟಿನ ಹತ್ತಿರ ನಿಂತು ಬಂದವರನ್ನೆಲ್ಲ ಎಣಿಸಿದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇಲ್ಲಿ ಹಿತ್ತಲ ಗಿಡವನ್ನು ಊರೇ ಬಂದು ಅರೆದು ಕುಡಿಯುತ್ತಿತ್ತು. ‘ನಿರೂಪಕನ ಜಾಗವನ್ನು ಎಲ್ಲಾದರೂ ಇವಳಿಗೇ ಕೊಟ್ಟುಬಿಟ್ಟರೆ?’ ಎಂಬ ಯೋಚನೆ ಬಂದ ದಿನ ಅವರಿಗೆ ಮುದ್ದೆ ಇಳಿಯಲಿಲ್ಲ.

ಮರುದಿನದಿಂದಲೇ ಮನೆಯಲ್ಲಿ ಅಭ್ಯಾಸ ಬಿಗಿ ಮಾಡಿದರು. ಬೆಳಿಗ್ಗೆ ತಿಂಡಿಯಾದ ಮೇಲೆ ಹಾಲ್‌ನಲ್ಲಿ ಕುರ್ಚಿ ಹಾಕಿ, ಶಾಲು ಹೊದ್ದು, ಬಾಯಿಗೆ ಬೀಗ ಹಾಕಿ ಕೂತರು. ಈ ಸಲ ಪದ ಬೇಡ, ಬರೀ ಕೇಳಿಸಿಕೊಳ್ಳೋಣ ಎಂದು ನಿಶ್ಚಯಿಸಿದರು. ಲೂರ್ದಮ್ಮ ಅಲ್ಲೇ ನೆಲದ ಮೇಲೆ, ಅವರಿಗೆ ಬೆನ್ನು ಮಾಡಿ, ಹುರುಳಿಕಾಯಿ ನಾರು ಬಿಡಿಸುತ್ತಿದ್ದರು.

ಆಗ ಬಾಗಿಲಿನ ಬೆಲ್ ಆಯಿತು.

ಮೌನ ಮುರಿಯಬಾರದೆಂದು ಇನ್ನಾಸಪ್ಪನವರು ಏಳಲಿಲ್ಲ. ಇವಳು ತೆಗೆಯಲಿ ಅಂದುಕೊಂಡರು. ಲೂರ್ದಮ್ಮ ತಲೆ ಎತ್ತಲಿಲ್ಲ. ಬೆಲ್ ಮತ್ತೆ ಆಯಿತು. ಲೂರ್ದಮ್ಮ ಇನ್ನೊಂದು ಹುರುಳಿಕಾಯಿ ತೆಗೆದುಕೊಂಡರು. ಅಯ್ಯೋ, ಇವಳು ತರಕಾರಿ ಬಿಡಿಸುತ್ತಲೇ ಧ್ಯಾನಕ್ಕೆ ಇಳಿದುಬಿಟ್ಟಳಲ್ಲ ಎಂದು ಇನ್ನಾಸಪ್ಪನವರಿಗೆ ಗಾಬರಿಯಾಯಿತು. ಪರೀಕ್ಷೆ ಮಾಡೇಬಿಡೋಣವೆಂದು ಪಕ್ಕದಲ್ಲಿದ್ದ ಸ್ಟೀಲ್ ಚೊಂಬನ್ನು ಮೆಲ್ಲಗೆ ಕಾಲಿನಿಂದ ಉರುಳಿಸಿದರು. ಅದು ಠಣಠಣ ಅನ್ನುತ್ತ ಆಕೆಯ ಬೆನ್ನ ಹಿಂದೆಯೇ ಹೋಗಿ ಬಿತ್ತು. ಆಕೆ ತಿರುಗಲಿಲ್ಲ. ಇನ್ನಾಸಪ್ಪನವರು ಸೋತೆನೆಂದು ಒಪ್ಪಿಕೊಂಡು ಕಣ್ಣು ಮುಚ್ಚಿದರು.

ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಯ ಪುಟ್ಟಲಿಂಗಮ್ಮ ಒಳಗೆ ಬಂದರು. ಕೈಯಲ್ಲಿ ಹುರುಳಿ ಬಸ್ಸಾರಿನ ಪಾತ್ರೆ. ನೇರವಾಗಿ ಬಂದು ಲೂರ್ದಮ್ಮನ ಭುಜ ಮುಟ್ಟಿ, ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ಮುಖಕ್ಕೆ ಮುಖ ಕೊಟ್ಟು, ಕೈ ಬಾಯಿ ಎರಡನ್ನೂ ಆಡಿಸುತ್ತ ನಿಧಾನವಾಗಿ ಹೇಳಿದರು: “ಅಕ್ಕಾ, ಬಸ್ಸಾರು ತಂದಿವ್ನಿ. ಬಿಸಿ ಅದೆ.” ಲೂರ್ದಮ್ಮನ ಮುಖ ಅರಳಿತು.

ಪುಟ್ಟಲಿಂಗಮ್ಮ ಇನ್ನಾಸಪ್ಪನವರ ಕಡೆ ತಿರುಗಿದರು. “ಅಲ್ಲ ಕಣಣ್ಣ, ಅಕ್ಕಂಗೆ ಕಿವಿ ಕೇಳ್ಸಾಕಿಲ್ಲ, ಸರಿ. ನಿಂಗೇನಾಯ್ತು? ಎಷ್ಟೊತ್ತು ಬೆಲ್ ಒಡೀಲಿ?”

“ಯಾರಿಗೆ ಕಿವಿ ಕೇಳಿಸಲ್ಲ?”

“ಇನ್ಯಾರ್ಗೆ? ಅಕ್ಕಂಗೆ.” ಪುಟ್ಟಲಿಂಗಮ್ಮ ಅವರನ್ನು ಒಂದು ಗಳಿಗೆ ನೋಡಿದರು. “ನಿಂಗೊತ್ತಿಲ್ವಾ? ಇಡೀ ಬೀದಿಗೇ ಗೊತ್ತಲ್ಲಣ್ಣ! ಸೊಪ್ಪಿನೋನೂ ಗೇಟ್ ಅಲ್ಲಾಡ್ಸಿ ಕರೀತಾನೆ. ಎಂಗೆ ಗೊತ್ತಾಗ್ದೆ ಓಯ್ತು ನಿಂಗೆ?”

ಪುಟ್ಟಲಿಂಗಮ್ಮ ಹೋದ ಮೇಲೆ ಇನ್ನಾಸಪ್ಪನವರು ಎದ್ದು, ಉರುಳಿಹೋಗಿದ್ದ ಚೊಂಬನ್ನು ಎತ್ತಿಟ್ಟರು. ಆಮೇಲೆ, ಜೀವನದಲ್ಲಿ ಮೊದಲ ಸಲ, ಹೆಂಡತಿಯ ಎದುರಿಗೆ ನೆಲದ ಮೇಲೆ ಬಂದು ಕೂತರು.

“ಯಾಕೆ ಹೇಳಲಿಲ್ಲ ನನಗೆ?”

ಲೂರ್ದಮ್ಮ ಅವರ ತುಟಿಗಳನ್ನು ನೋಡಿದರು. ಕೈಯಲ್ಲಿದ್ದ ಹುರುಳಿಕಾಯಿಯನ್ನು ಮೊರಕ್ಕೆ ಹಾಕಿದರು.

“ಹೇಳಿದ್ದೆ.”

“ಯಾವಾಗ?”

“ಸ್ಟೆಲ್ಲಾ ಮನೆಯಿಂದ ಬರ್ತಾ ಬಸ್ಸಲ್ಲಿ ಹೇಳಿದ್ದೆ. ಆಮೇಲೆ ನೀವು ಜಪಸರಕ್ಕೆ ಹೊರಡ್ತಾ ಇದ್ರಿ, ಆಗೊಂದ್ಸಲ. ಹೋದ ವರ್ಷ ಶುಭ ಶುಕ್ರವಾರ ಮನೆಗೆ ಬರೋವಾಗ ದಾರೀಲಿ ಹೇಳಿದೆ, ಈ ವರ್ಷಾನೂ ಏನೂ ಕೇಳಿಸಲಿಲ್ಲ ಕಣ್ರೀ ಅಂತ. ನೀವು ಪಿಲಾತನ ಭಾಗ ಓದಿದೋರು ತಪ್ಪು ಮಾಡಿದ್ರು ಅಂತ ಹೇಳ್ತಾ ಇದ್ರಿ.” ಇನ್ನೊಂದು ಕಾಯಿ ತೆಗೆದುಕೊಂಡು, “ಆಮೇಲೆ ಬುಟ್ಬುಟ್ಟೆ” ಅಂದರು.

“ಮತ್ತೆ ‘ಚೆನ್ನಾಗಿತ್ತು’ ಅಂದೆಯಲ್ಲ?”

“ಇನ್ನೇನಂತ ಅನ್ಲಿ? ನಿಮ್ಮ ಮುಖ ನೋಡಿ ಅಂದೆ.”

ಇನ್ನಾಸಪ್ಪನವರಿಗೆ ನಾಚಿಕೆಯಾಯಿತು. ಊರಿಗೆಲ್ಲ ಕೇಳಿಸುವ ಹಾಗೆ ಕೂಗಿದ ಮನುಷ್ಯನಿಗೆ ಪಕ್ಕದಲ್ಲೇ ನಡೆಯುತ್ತಿದ್ದವಳ ಮಾತು ಕೇಳಿಸಿರಲಿಲ್ಲ. ಕಿವಿ ಯಾರದು ಕೆಟ್ಟಿದೆಯೆಂದು ಯಾರಾದರೂ ಕೇಳಿದ್ದರೆ ಅವರು ಅವತ್ತು ಉತ್ತರ ಹೇಳುತ್ತಿರಲಿಲ್ಲ. ಕಣ್ಣು ತುಂಬಿ ಬಂತು. ಏನು ಮಾಡಬೇಕೋ ತೋಚದೆ ಹುರುಳಿಕಾಯಿ ತೆಗೆದುಕೊಂಡು ನಾರು ಬಿಡಿಸತೊಡಗಿದರು. ಅದನ್ನೂ ತಪ್ಪಾಗಿಯೇ ಬಿಡಿಸಿದರು. ಲೂರ್ದಮ್ಮ ಸುಮ್ಮನೆ ಕೈಯಿಂದ ತೆಗೆದುಕೊಂಡು ಸರಿಮಾಡಿದರು.

ಆ ವಾರವೇ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರು. ಮನೆಯಿಂದ ಆಟೋದಲ್ಲಿ ಕೂತರೆ ಮಾತು ಮುಗಿಯುವುದರೊಳಗೆ ಬರುವ ಜಾಗ. ದೇಶದ ಮೂಲೆ ಮೂಲೆಯಿಂದ ಅಲ್ಲಿಗೆ ಕಿವಿ ತೋರಿಸಲು ಜನ ಬರುತ್ತಾರೆ. ಇನ್ನಾಸಪ್ಪನವರು ಅದರ ಮುಂದೆಯೇ ದಿನಾ ವಾಕಿಂಗ್ ಹೋಗುತ್ತಿದ್ದರು. ಲೂರ್ದಮ್ಮನನ್ನು ಸದ್ದೇ ಬರದ ಒಂದು ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದರು. ಪರೀಕ್ಷೆ ಮಾಡುವ ಹುಡುಗಿ ಚೈತನ್ಯ, “ಅಮ್ಮಾ, ಸಣ್ಣ ಸದ್ದು ಕೇಳಿಸಿದ್ರೂ ಬೆರಳೆತ್ತಿ” ಎಂದು ಸನ್ನೆ ಮಾಡಿ ತೋರಿಸಿದಳು. ಗಾಜಿನ ಈಚೆ ನಿಂತು ಇನ್ನಾಸಪ್ಪನವರು, “ಗಮನ ಕೊಟ್ಟು ಕೇಳಿಸ್ಕೊಳೇ” ಎಂದು ಶುರು ಮಾಡಿದರು.

“ಸರ್, ದಯವಿಟ್ಟು ಮಾತಾಡಬೇಡಿ” ಅಂದಳು ಚೈತನ್ಯ.

ಅವರು ಮಾತಾಡಲಿಲ್ಲ. ಗಾಜಿನಾಚೆ ಲೂರ್ದಮ್ಮ ಕತ್ತು ಒಂಚೂರು ವಾಲಿಸಿ ಕಾಯುತ್ತಿದ್ದರು. ಯಂತ್ರದ ಮೇಲೆ ದೀಪ ಹತ್ತುತ್ತಿತ್ತು, ಸದ್ದು ಹೋಗುತ್ತಿತ್ತು. ಬೆರಳು ಏಳುತ್ತಿರಲಿಲ್ಲ. ಮತ್ತೆ ದೀಪ. ಬೆರಳಿಲ್ಲ. ‘ಏಳಲಿ, ಏಳಲಿ ದೇವರೇ’ ಎಂದು ಇನ್ನಾಸಪ್ಪನವರು ಆ ಬೆರಳನ್ನೇ ನೋಡುತ್ತ ನಿಂತರು. ಯಾವ ಬಸ್ಸೂ ಬರಲಿಲ್ಲ. ಕರುಣೆ, ಕೃಪೆ ಒಂದೂ ನೆನಪಾಗಲಿಲ್ಲ. ಆ ತಪಸ್ಸುಕಾಲದಲ್ಲಿ ಅವರು ಮಾಡಿದ ನಿಜವಾದ ಮೌನ ಪ್ರಾರ್ಥನೆ ಅದೊಂದೇ. ಅದನ್ನು ನೋಡಲು ಫಾದರ್ ಅಲ್ಲಿರಲಿಲ್ಲ ಎಂಬುದೂ ಅವರಿಗೆ ಹೊಳೆಯಲಿಲ್ಲ.

ಕಿವಿಗೆ ಹಾಕುವ ಮಿಷನ್ ಬರಲು ಕೆಲವು ದಿನ ಹಿಡಿಯಿತು. ಅಷ್ಟರಲ್ಲಿ ಇನ್ನಾಸಪ್ಪನವರು ಗುರುಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. “ಸ್ವಾಮಿ, ನಮ್ಮನೆಯೋಳು ಧ್ಯಾನಕ್ಕೆ ಇಳಿದಿರಲಿಲ್ಲ. ಅವಳಿಗೆ ಪಟಾಕಿ ಕೇಳಿಸಲಿಲ್ಲ, ಅಷ್ಟೆ.”

ಫಾದರ್ ಮುಖ ಸಣ್ಣಗಾಯಿತು. ಆ ತಿಂಗಳ ಧರ್ಮಕೇಂದ್ರದ ಪತ್ರಿಕೆಯಲ್ಲಿ ‘ಪಟಾಕಿಯ ನಡುವೆ ಪರಮಶಾಂತಿ’ ಎಂಬ ಲೇಖನ ಅಚ್ಚಿಗೆ ಹೋಗಿತ್ತು. “ಈಗಲೇ ಯಾರಿಗೂ ಹೇಳೋದು ಬೇಡ ಬಿಡಿ. ಜನರ ಭಕ್ತಿಗೆ ಧಕ್ಕೆ ಆಗುತ್ತೆ. ಈಸ್ಟರ್ ಆಗಲಿ” ಅಂದರು. ಬಾಗಿಲವರೆಗೆ ಬಂದು, “ಪಾಡಿಗೆ ಈ ಸಲ ನೀವೇ ನಿರೂಪಕರು. ಲೂರ್ದಮ್ಮನವರ ಯಜಮಾನರು ಅಂದ್ರೆ ಜನಕ್ಕೂ ಸಂತೋಷ” ಎಂದು ಬೆನ್ನು ತಟ್ಟಿದರು. ಬಯಸಿದ್ದು ಕೈಗೆ ಬಂದಿತ್ತು. ಇನ್ನಾಸಪ್ಪನವರು ಯಾರಿಗೂ ಹೇಳದೆ ಮನೆಗೆ ನಡೆದರು.

ಶುಭ ಶುಕ್ರವಾರಕ್ಕೆ ಮುಂಚಿನ ಗರಿಗಳ ಭಾನುವಾರದ ಹೊತ್ತಿಗೆ ಲೂರ್ದಮ್ಮನ ಕಿವಿಯ ಹಿಂದೆ ಹುಣಸೆಬೀಜದಷ್ಟು ಮಿಷನ್ ಕೂತಿತು. ಸೆರಗು ಹೊದ್ದರೆ ಯಾರಿಗೂ ಕಾಣದು. ಪೂಜೆ ಮುಗಿದ ಮೇಲೆ ಎಂದಿನಂತೆ ಹೆಂಗಸರು ಬಂದು ಕೈ ಹಿಡಿದು ಪಿಸುಗುಟ್ಟಿದರು. ಲೂರ್ದಮ್ಮ ಮೊದಲ ಸಲ ಕೇಳಿಸಿಕೊಂಡರು. ಫಿಲೋಮಿನಾ ಟೀಚರು ತಮ್ಮ ಸೊಸೆ ಮನೆ ಬಿಟ್ಟು ಹೋಗಲೆಂದು ಬೇಡಿಕೊಳ್ಳಿ ಅನ್ನುತ್ತಿದ್ದರು.

“ಅಯ್ಯಯ್ಯೋ, ಇಷ್ಟು ದಿನ ಇದಕ್ಕೆಲ್ಲ ತಲೆ ಆಡಿಸಿದ್ನಾ ನಾನು?” ಎಂದು ಲೂರ್ದಮ್ಮ ಕೈ ಬಿಡಿಸಿಕೊಂಡರು. ಟೀಚರು ಇದನ್ನೂ ಒಂದು ಗೂಢಾರ್ಥದ ಉಪದೇಶವೆಂದು ತಿಳಿದು ಅಳುತ್ತ ಹೋದರು. ಸೊಸೆಯ ಮೇಲೆ ಆ ವಾರವೆಲ್ಲ ಕೂಗಾಡಲಿಲ್ಲವಂತೆ.

ಶುಭ ಶುಕ್ರವಾರ ಬಂತು. ಬರಿದಾದ ಪೀಠ, ಗಂಟೆಯ ಬದಲು ಮರದ ಗಿಲಕಿಯ ಸದ್ದು, ಕಿಕ್ಕಿರಿದ ಜನ. ಲೂರ್ದಮ್ಮ ಮುಂದಿನ ಸಾಲಿನಲ್ಲಿ. ಇನ್ನಾಸಪ್ಪನವರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು, ಎಂದಿನ ದನಿಯಲ್ಲಿ ಶುರು ಮಾಡಿದರು. ಹಳೆ ಚಾಳಿ, ಎಲ್ಲಿ ಹೋಗುತ್ತದೆ? ಮೊದಲ ವಾಕ್ಯಕ್ಕೇ ಲೂರ್ದಮ್ಮ ಮುಖ ಕಿವುಚಿದರು. ಎರಡನೆಯದಕ್ಕೆ ಕೈ ಕಿವಿಯ ಹಿಂದೆ ಹೋಯಿತು. ಆಕೆ ಮಿಷನ್ನಿನ ಸದ್ದು ತಗ್ಗಿಸುತ್ತಿದ್ದರು.

ಇನ್ನಾಸಪ್ಪನವರು ಅದನ್ನು ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದು, ಮೈಕಿನಿಂದ ದೂರ ನಿಂತು, ದನಿ ಇಳಿಸಿ ಓದತೊಡಗಿದರು. ಹಿಂದಿನ ಸಾಲಿನವರು ಅಭ್ಯಾಸ ತಪ್ಪಿ, ಕತ್ತು ಮುಂದೆ ಚಾಚಿ ಕೇಳಿದರು. ಯೇಸು ಪ್ರಾಣ ಬಿಡುವ ಭಾಗ ಬಂದಿತು. ಎಲ್ಲರೂ ಮಂಡಿಯೂರಿದರು.

ಇನ್ನಾಸಪ್ಪನವರೂ ಮಂಡಿಯೂರಿ ಹೆಂಡತಿಯನ್ನು ನೋಡಿದರು. ಲೂರ್ದಮ್ಮ ಕತ್ತು ವಾಲಿಸಿ, ಆ ಗಾಜಿನ ಕೋಣೆಯಲ್ಲಿ ಕೂತ ಹಾಗೆ, ಏನನ್ನೋ ಕೇಳುತ್ತಿದ್ದರು. ಏನಿರಬಹುದೆಂದು ಇನ್ನಾಸಪ್ಪನವರೂ ಕಿವಿ ಕೊಟ್ಟರು. ಗವಾಕ್ಷಿಯಲ್ಲಿ ಪಾರಿವಾಳದ ಗುಟುರು. ಎಲ್ಲೋ ಒಂದು ಮಗುವಿನ ಬಿಕ್ಕಳಿಕೆ. ಫ್ಯಾನಿನ ಕಿರುಗುಟ್ಟು. ಇಷ್ಟು ಜನ ಒಟ್ಟಿಗೆ ಉಸಿರಾಡುವ ಸದ್ದು. ಅವರು ಮತ್ತೆ ಓದು ಶುರು ಮಾಡುವುದನ್ನೇ ಮರೆತರು. ಫಾದರ್ ಒಮ್ಮೆ ಕೆಮ್ಮಿದರು. ಮತ್ತೊಮ್ಮೆ ಕೆಮ್ಮಿದರು. “ಇಳಿದುಬಿಟ್ರು ನೋಡಿ, ಗಂಡನೂ ಇಳಿದುಬಿಟ್ರು” ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು.

ಮನೆಗೆ ನಡೆದು ಬರುವಾಗ ಇನ್ನಾಸಪ್ಪನವರು ಏನೂ ಕೇಳಲಿಲ್ಲ. ಕೇಳಲು ಹೆದರಿಕೆಯಾಗಿತ್ತು. ಬೀದಿ ತಿರುಗಿದ ಮೇಲೆ ಲೂರ್ದಮ್ಮ ತಾವೇ ಅಂದರು: “ಈ ಸಲ ಕೇಳಲ್ವಾ, ಹೆಂಗಿತ್ತು ಅಂತ?”

“ಹೆಂಗಿತ್ತು?”

“ಮೊದಲು ಬಸ್ ಸ್ಟ್ಯಾಂಡ್ ಆಗಿತ್ತು. ಇಷ್ಟು ವರ್ಷಾನೂ ಹಿಂಗೇ ಓದ್ತಿದ್ರಾ?”

ಇನ್ನಾಸಪ್ಪನವರು ತಲೆ ತಗ್ಗಿಸಿದರು.

“ಮಂಡಿ ಊರಿದ್ರಲ್ಲ, ಅದು ಚೆನ್ನಾಗಿತ್ತು” ಅಂದರು ಲೂರ್ದಮ್ಮ.

ಅದರಲ್ಲಿ ತಮ್ಮ ಮಾತು ಒಂದೂ ಇರಲಿಲ್ಲವೆಂದು ಹೇಳಲು ಇನ್ನಾಸಪ್ಪನವರು ಬಾಯಿ ತೆರೆದು, ಹಾಗೇ ಮುಚ್ಚಿದರು. ಲೂರ್ದಮ್ಮ ಇನ್ನೂ ಏನೋ ಹೇಳಿದರು. ಅಷ್ಟರಲ್ಲಿ ಒಂದು ಸಿಟಿ ಬಸ್ಸು ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹಾದುಹೋಗಿ, ಆಕೆಯ ಮಾತು ಅದರಲ್ಲಿ ಮುಳುಗಿಹೋಯಿತು. ಹಿಂದಿನ ಇನ್ನಾಸಪ್ಪನವರಾಗಿದ್ದರೆ ಆ ಬಸ್ಸು ಎಲ್ಲಿಗೆ ಹೋಗುವುದೆಂದು ಹೇಳುತ್ತ ಮುಂದೆ ನಡೆಯುತ್ತಿದ್ದರು.

ಅವರು ನಿಂತರು. ಬಸ್ಸು ಪೂರ್ತಿ ಹೋಗುವವರೆಗೂ ಕಾದರು.

“ಏನಂದೆ?” ಅಂದರು. “ಕೇಳಿಸಲಿಲ್ಲ ಕಣೇ. ಇನ್ನೊಂದ್ಸಲ ಹೇಳು.”